ಕೂಗದ ಗೌಜಲಕ್ಕಿ

ಆಕಾಶದಲ್ಲಿ ಒಂದು ರೆಕ್ಕೆಯೂ ಕಾಣಕೂಡದೆಂದು ಅರಸನೊಬ್ಬ ಆಜ್ಞೆ ಮಾಡಿದ್ದ. ಹಕ್ಕಿ ನೋಡಲು ತಲೆಯೆತ್ತಿದ ಜನ ಮತ್ತೆ ತಲೆ ತಗ್ಗಿಸಲಿಕ್ಕಿಲ್ಲ ಎಂಬ ಭಯ ಅವನಿಗೆ. ಬೇಟೆಗಾರರು ಊರೂರಿನಲ್ಲಿ ಬಲೆ ಹಾಕಿದರು. ಕೊನೆಗೆ ಪಟ್ಟಣದ ಪಕ್ಕದ ಗುಡ್ಡದಲ್ಲಿ ಗೌಜಲಕ್ಕಿಗಳ ಒಂದೇ ಒಂದು ಹಿಂಡು ಉಳಿಯಿತು.

ಅದನ್ನು ಹಿಡಿಯಲು ಬೇಟೆಗಾರನೊಬ್ಬ ತಾನು ಸಾಕಿದ ಗೌಜಲಕ್ಕಿಯನ್ನು ಪಂಜರದಲ್ಲಿ ತಂದಿಟ್ಟು, ಸುತ್ತ ಬಲೆ ಹರಡಿ, ಪೊದೆಯ ಮರೆಯಲ್ಲಿ ಕುಳಿತ. ಸಾಕಿದ ಹಕ್ಕಿ ಕೂಗಿದರೆ ಕಾಡಿನವು ಓಡಿಬಂದು ಬಲೆಗೆ ಬೀಳುವುದು ವಾಡಿಕೆ.

ಬಿಸಿಲೇರಿತು. ಹಕ್ಕಿ ಕೂಗಲಿಲ್ಲ.

"ಕೂಗು ಮಾರಾಯ," ಎಂದಿತು ಬಲೆ. "ದಿನಾ ಕೂಗುತ್ತಿದ್ದೆಯಲ್ಲ?"

"ಕೂಗುತ್ತಿದ್ದೆ. ಇನ್ನೂ ಬೇರೆ ಹಿಂಡುಗಳಿವೆ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ಇದು ಕೊನೆಯದು."

"ಸುಮ್ಮನಿದ್ದರೆ ಸಂಜೆಗೆ ನಿನ್ನನ್ನೇ ಬೇಯಿಸುತ್ತಾನೆ."

"ಗೊತ್ತು."

"ರೆಕ್ಕೆ ಕತ್ತರಿಸಿದ್ದಾನೆ, ಬಾಗಿಲಿಗೆ ಚಿಲಕ ಹಾಕಿದ್ದಾನೆ. ನಿನ್ನದೆಂದು ಏನು ಉಳಿದಿದೆ ಅಂತ ಇಷ್ಟು ಹಟ?"

"ಗಂಟಲು," ಎಂದಿತು ಹಕ್ಕಿ.

ತಾಳ್ಮೆಗೆಟ್ಟ ಬೇಟೆಗಾರ ಬೈಯುತ್ತಾ ಪೊದೆಯಿಂದ ಎದ್ದುಬಂದ. ಅವನ ಸದ್ದಿಗೆ ಬೆದರಿದ ಹಿಂಡು ಭರ್ರೆಂದು ಎದ್ದು ಪಟ್ಟಣದ ಮೇಲೆ ಹಾರಿಹೋಯಿತು. ಸಂತೆಯಲ್ಲಿದ್ದವರು, ನೀರು ಸೇದುತ್ತಿದ್ದವರು, ಕಾವಲಿನವರು ಕೂಡ, ತಲೆಯೆತ್ತಿ ನೋಡಿದರು.

ಬೇಟೆಗಾರ ಚಿಲಕ ತೆಗೆದು ಪಂಜರದೊಳಗೆ ಕೈ ಹಾಕಿದ. ಆಗ ಬಲೆ ಮೆಲ್ಲಗೆ ಹೇಳಿತು:

"ಇಷ್ಟು ವರ್ಷದಲ್ಲಿ ನಮ್ಮ ಕೈಗೆ ಬಿದ್ದೂ ಸಿಗದ ಹಕ್ಕಿ ನೀನೊಬ್ಬನೇ, ಅಣ್ಣ."