ಜಾರಿದ ಹೊನ್ನಿನ ಎಳೆ

ಹೊನ್ನಗುಡ್ಡದ ಗಣಿಯಲ್ಲಿ ಚಿನ್ನದ ಎಳೆ ಕಡಿದುಹೋಯಿತು.

ಅಜ್ಜ ಮುತ್ತಜ್ಜರ ಕಾಲದಿಂದ ಬಿಳಿಗಲ್ಲಿನೊಳಗೆ ಮಿನುಗುತ್ತ ಬಂದಿದ್ದ ಎಳೆ ಅದು. ಒಂದು ಬಿರುಕಿನ ಅಂಚಿಗೆ ಬಂದು ಗಕ್ಕನೆ ನಿಂತುಬಿಟ್ಟಿತು. ಆಚೆಗೆ ಬರೀ ಕರಿಗಲ್ಲು.

ಚಿನ್ನವಿಲ್ಲದ ಗುಡ್ಡದಲ್ಲಿ ಬದುಕುವುದು ಹೇಗೆ? ಜನ ಗಂಟುಮೂಟೆ ಕಟ್ಟತೊಡಗಿದರು.

ಸಾಂತವ್ವೆ ಮಾತ್ರ ಗುದ್ದಲಿ ಕೆಳಗಿಡಲಿಲ್ಲ. ಗುರು ಕಲಿದೇವಯ್ಯನವರ ಬಳಿ ಕಲ್ಲಿನ ವಿದ್ಯೆ ಕಲಿಯುತ್ತಿದ್ದವಳು ಅವಳು. ಬಿರುಕು ದಾಟಿ ನೇರ ಮುಂದಕ್ಕೆ ಅಗೆದಳು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವೇ ಹೊರತು ಚಿನ್ನ ಕಾಣಲಿಲ್ಲ.

ಕೊನೆಗೆ ಗುರುಗಳ ಎದುರು ಬಂದು ಕುಸಿದು ಕೂತಳು.

“ಅಯ್ಯಾ, ಚಿನ್ನ ಮುಗಿಯಿತು.”

ಗುರುಗಳು ತಮ್ಮ ಗುಡಿಸಲಲ್ಲಿ ಊಟಕ್ಕೆ ಕೂತಿದ್ದರು. ಬೆರಳಿಗೆ ಬೆಣ್ಣೆ ತೆಗೆದುಕೊಂಡು ಜೋಳದ ರೊಟ್ಟಿಯ ಉದ್ದಕ್ಕೂ ಒಂದು ಗೆರೆ ಎಳೆದರು. ರೊಟ್ಟಿಯನ್ನು ಅಡ್ಡಲಾಗಿ ಮುರಿದರು. ಒಂದು ಹೋಳನ್ನು ಮುರಿದ ಅಂಚಿನ ಗುಂಟ ಪಕ್ಕಕ್ಕೆ ಸರಿಸಿದರು.

“ಗೆರೆ ಮುಗಿಯಿತೇ?”

ಸಾಂತವ್ವೆ ನೋಡಿದಳು. ಈಚೆಯ ಹೋಳಿನಲ್ಲಿ ಬೆಣ್ಣೆಯ ಗೆರೆ ಅಂಚಿಗೆ ಬಂದು ನಿಂತಿತ್ತು. ಉಳಿದರ್ಧ ಆಚೆಯ ಹೋಳಿನೊಡನೆ ಪಕ್ಕಕ್ಕೆ ಸರಿದಿತ್ತು.

ದಿಗ್ಗನೆ ಎದ್ದಳು. “ಇಲ್ಲ ಅಯ್ಯಾ! ನೆಲ ಜಾರಿದೆ! ಎಡಕ್ಕೋ? ಬಲಕ್ಕೋ?”

“ರೊಟ್ಟಿ ಮುರಿದವನು ನಾನು. ನೆಲ ಮುರಿದವನು ನಾನಲ್ಲ. ಕಲ್ಲನ್ನೇ ಕೇಳು ಹೋಗು” ಎಂದು ಗುರುಗಳು ತುತ್ತು ಮುರಿದರು.

ಸಾಂತವ್ವೆ ಗಣಿಗೆ ಓಡಿದಳು. ಎಳೆ ನಿಂತಲ್ಲಿ ಬಂಡೆಯ ಮೈಮೇಲೆ ಉದ್ದುದ್ದ ಗೀರುಗಳಿದ್ದವು. ಆಚೆಯ ಕಲ್ಲು ಉಜ್ಜಿಕೊಂಡು ಹೋದ ಗುರುತು.

ಒಡೆದ ಅಂಗೈಯನ್ನೇ ಅದರ ಮೇಲೆ ಇಟ್ಟಳು. ಎಡಕ್ಕೆ ಸವರಿದರೆ ತರಚುತ್ತಿತ್ತು. ಬಲಕ್ಕೆ ಸವರಿದಳು. ಕರುವಿನ ಮೈ ಸವರಿದ ಹಾಗೆ ನುಣುಪು!

ಉಜ್ಜಿಕೊಂಡು ಹೋದ ದಿಕ್ಕಿಗೇ ಕಲ್ಲು ನುಣುಪಾಗುವುದು. ಆಚೆಯ ನೆಲ ಜಾರಿದ್ದು ಬಲಕ್ಕೆ.

ಹೊರಗೆ ಬಂದು ಬಲಕ್ಕೆ ನೋಡಿದವಳು ಹಾಗೇ ನಿಂತಳು. ಅಲ್ಲಿ ಇದ್ದದ್ದು ಗುರುಗಳ ಗುಡಿಸಲು.

ಮೆಲ್ಲಗೆ ಬಂದು ತಲೆ ತಗ್ಗಿಸಿದಳು. “ಅಯ್ಯಾ, ಕಲ್ಲು ಹೇಳಿತು. ಆದರೆ… ಈ ಗುಡಿಸಲನ್ನೇ ತೋರಿಸುತ್ತಿದೆ.”

ಕಲಿದೇವಯ್ಯ ಕೈ ತೊಳೆದರು. ಒಳಗಿದ್ದ ನೀರಿನ ಕೊಡವನ್ನು ಹೊರಗೆ ಹೊತ್ತು ತಂದು ಬೇವಿನ ಮರದಡಿ ಇಟ್ಟರು. ಮರಳಿ ಹೋಗಿ ಗುಡಿಸಲಿನ ಮೊದಲ ಗಳವನ್ನು ತಾವೇ ಕಿತ್ತರು.

“ಏನು ನೋಡುತ್ತೀ? ಗುದ್ದಲಿ ಎಲ್ಲಿ?”

ಗುರುಗಳು ತಮ್ಮ ಸೂರನ್ನೇ ಕೀಳುವುದನ್ನು ಕಂಡ ಜನ ಗಂಟುಮೂಟೆ ಕೆಳಗಿಟ್ಟರು. ಒಬ್ಬ ಹಾರೆ ತಂದ. ಇನ್ನೊಬ್ಬಳು ಬುಟ್ಟಿ ತಂದಳು. ಮಣ್ಣು ಸರಿಯಿತು, ಕಲ್ಲು ಒಡೆಯಿತು, ಗುಂಡಿ ಆಳವಾಯಿತು. ಒಂದು ಬೆಳಿಗ್ಗೆ ಹಾರೆಯ ತುದಿಗೆ ಬಿಳಿಗಲ್ಲು ತಾಗಿತು.

ಸಾಂತವ್ವೆ ಅದನ್ನು ಕುಟ್ಟಿ ಪುಡಿ ಮಾಡಿದಳು. ಮರದ ಮರಿಗೆಗೆ ಹಾಕಿ ಹಳ್ಳದ ನೀರಿನಲ್ಲಿ ತೂಗಿದಳು. ಸುತ್ತ ನಿಂತವರು ಬಗ್ಗಿ ನೋಡಿದರು. ಮರಳು ನೀರಿನೊಡನೆ ಹರಿದುಹೋಯಿತು. ಮರಿಗೆಯ ತಳದಲ್ಲಿ ಹಳದಿ ಉಳಿಯಿತು.

“ಹೊನ್ನು!”

ಆ ಕೂಗಿಗೆ ಗುಡ್ಡವೇ ಓಗೊಟ್ಟಿತು. ಹಲಗೆ ಬಾರಿಸಿದರು. ಸಾಂತವ್ವೆಯನ್ನು ಹೆಗಲ ಮೇಲೆ ಹೊತ್ತು ಕುಣಿದರು. ಅವಳು ನಗುತ್ತಿದ್ದಳು, ಅಳುತ್ತಿದ್ದಳು. ಕಟ್ಟಿದ್ದ ಗಂಟುಗಳನ್ನು ಬಿಚ್ಚಿ ಹೆಂಗಸರು ಒಲೆ ಹೊತ್ತಿಸಿದರು.

ಗದ್ದಲ ತಗ್ಗಿದ ಮೇಲೆ ಸಾಂತವ್ವೆ ಗುರುಗಳ ಪಾದ ಮುಟ್ಟಿದಳು.

“ಅಯ್ಯಾ, ಇಷ್ಟು ವರ್ಷ ಈ ಚಿನ್ನದ ಮೇಲೆಯೇ ಮಲಗಿದ್ದಿರಿ. ತಮಗೆ ಗೊತ್ತೇ ಇರಲಿಲ್ಲವೇ?”

ಕಲಿದೇವಯ್ಯ ಹೊಟ್ಟೆ ತುಂಬ ನಕ್ಕರು.

“ಗೊತ್ತಿದ್ದರೆ ನಿದ್ದೆ ಬರುತ್ತಿತ್ತೇ, ಮಗಳೇ?”