ಮುಳ್ಳಿನ ಗಿಲಕಿ

ಹೆದರಿದ ಮರಿಗೆ ಸುಳ್ಳು ಹೇಳಬಾರದೆಂಬುದು ಕಬ್ಬಿನ ಗದ್ದೆಯ ಪ್ರಾಣಿಗಳ ನಿಯಮ. ಗದ್ದೆಗೆ ಬೆಂಕಿ ಬಿದ್ದ ದಿನ ಒಬ್ಬಳನ್ನು ಬಿಟ್ಟು ಎಲ್ಲರೂ ಅದನ್ನು ಮುರಿದರು.

“ಏನಿದು ವಾಸನೆ?” ಎಂದಿತು ಮೊಲದ ಮರಿ.

“ಯಾರೋ ಬೆಲ್ಲ ಕಾಯಿಸ್ತಿದ್ದಾರೆ,” ಎಂದು ನವಿಲು ನಕ್ಕಿತು.

“ಬರೀ ಮಂಜು ಕಣೋ, ಪುಟ್ಟಾ,” ಎಂದು ಅಜ್ಜಿ ಮೊಲ ತಬ್ಬಿಕೊಂಡಳು. ಅವಳ ಎದೆ ಡವಡವ ಎನ್ನುತ್ತಿತ್ತು. ಅದನ್ನು ಕೇಳಿ ಮರಿಗೆ ಕಾಲೇ ಏಳಲಿಲ್ಲ.

“ಅತ್ತೆ, ನೀನಾದರೂ ಹೇಳು,” ಎಂದು ಮರಿ ಮುಳ್ಳುಹಂದಿಯನ್ನು ಕೇಳಿತು.

“ಬೆಂಕಿ,” ಎಂದಳು ಮುಳ್ಳುಹಂದಿ ಅತ್ತೆ. “ಕಾಲುವೆಯ ಆಚೆಗೆ ಅದು ಬರೋದಿಲ್ಲ. ತಬ್ಬಿಕೊಳ್ಳೋ ಮೈ ನನ್ನದಲ್ಲ, ಸದ್ದು ಮಾಡೋ ಮೈ. ಹೊಗೆಯಲ್ಲಿ ನಾನು ಕಾಣದಿದ್ದರೆ ಸದ್ದು ಹಿಡಿದು ಬಾ. ಅಜ್ಜಿಯನ್ನು ಕರೆತರೋದು ನಿನ್ನ ಕೆಲಸ.”

ಮರಿ ಥಟ್ಟನೆ ಎದ್ದಿತು. “ಬಾ ಅಜ್ಜಿ, ಹೆದರಬೇಡ, ನಾನಿದ್ದೀನಿ.”

ಅತ್ತೆ ಗಿಲಕಿಯ ಹಾಗೆ ಮುಳ್ಳುಗಳನ್ನು ಗಲಗಲ ಆಡಿಸುತ್ತ ಕಾಲುವೆಯ ಕಡೆಗೆ ಮುಂದೆ ನಡೆದಳು.