ಹೊಂಗೆಮರದ ಕೆಳಗಿನ ಮನೆ

ಬೇಸಿಗೆಯಲ್ಲಿ ಮುದುಕರೂ ಬಾಣಂತಿಯರೂ ತಂಗುವುದಕ್ಕೆ ಒಂದು ಮನೆ ಬೇಕೆಂದು ಕಾಡಿನ ಪ್ರಾಣಿಗಳೆಲ್ಲ ತೀರ್ಮಾನಿಸಿ, ಕಟ್ಟುವ ಕೆಲಸವನ್ನು ಕರಡಿಗೆ ಒಪ್ಪಿಸಿದವು. ಬಯಲಿನ ಹಳೆಯ ಹೊಂಗೆಮರವನ್ನು ಕಡಿದರೆ ತೊಲೆಗಳೂ ಸಿಗುತ್ತವೆ, ಜಾಗವೂ ಸಿಗುತ್ತದೆ ಎಂದು ಕರಡಿ ಯೋಚಿಸಿತು. ಆದರೆ ಆ ಮರದ ಪೊಟರೆಯಲ್ಲಿ ಗೊರವಂಕವೊಂದು ಮೊಟ್ಟೆಗಳಿಗೆ ಕಾವು ಕೊಡುತ್ತಿತ್ತು.

"ಕರಡಿಯಣ್ಣ, ನನ್ನ ಮರಿಗಳು ಹಾರುವ ತನಕ ತಡೆಯಲಾರೆಯಾ?" ಎಂದು ಅದು ಕೇಳಿತು.

"ಬಿಸಿಲು ಆಗಲೇ ಏರುತ್ತಿದೆ. ಮನೆಯಿಲ್ಲದೆ ಜಿಂಕೆಯಜ್ಜಿ ಈ ಬೇಸಿಗೆ ಕಳೆಯುವುದು ಕಷ್ಟ" ಎಂದಿತು ಕರಡಿ.

ಅಲ್ಲೇ ಮಲಗಿದ್ದ ಮುದಿ ಜಿಂಕೆ ತಲೆಯೆತ್ತಿತು. "ನನ್ನ ಹೆಸರಿನಲ್ಲಿ ಆ ಗೂಡು ಕೆಡವಬೇಡಪ್ಪ. ಮರಿಗಳು ಹಾರುವ ತನಕ ನಾನು ಈ ಮರದ ನೆರಳಲ್ಲೇ ಇರುತ್ತೇನೆ."

ಕರಡಿ ಮರ ಕಡಿಯುವುದನ್ನು ಮುಂದಕ್ಕೆ ಹಾಕಿತು. ಅಜ್ಜಿಗೆ ಸಂಜೆಬಿಸಿಲು ತಾಗದಿರಲೆಂದು ಪಡುವಣ ಕಡೆಗೆ ಮಣ್ಣಿನ ಮೋಟುಗೋಡೆಯೊಂದನ್ನು ಎಬ್ಬಿಸಿತು. ಗಾಳಿಯಾಡಲೆಂದು ಮೂಡಣ ಕಡೆಯನ್ನು ತೆರೆದೇ ಬಿಟ್ಟಿತು. ನೆಲಕ್ಕೆ ಹೊಳೆಯ ಒದ್ದೆ ಮರಳು ಹರಡಿತು. ಮರುದಿನ ಮುಳ್ಳುಹಂದಿ ಮರಿಗಳೊಡನೆ ಬಂದು ಜಿಂಕೆಯ ಪಕ್ಕ ಮಲಗಿತು. ಆಮೇಲೆ ಕುಂಟು ನರಿ ಬಂತು, ಮೊಲದ ಸಂಸಾರ ಬಂತು. ಬಂದವರಿಗೆಲ್ಲ ಜಾಗವಾಗಲೆಂದು ಕರಡಿ ಗೋಡೆಯನ್ನು ಇನ್ನಷ್ಟು ಉದ್ದ ಮಾಡಿತು.

ಒಂದು ಮಧ್ಯಾಹ್ನ ಗೊರವಂಕ ಕೆಳಗಿಳಿದು ಬಂತು. "ಮರಿಗಳು ಹಾರಿದವು. ನಾನು ಬೇರೆ ಪೊಟರೆ ಹುಡುಕಿಕೊಳ್ಳುತ್ತೇನೆ. ಇನ್ನು ಮರ ಕಡಿದು ಮನೆ ಕಟ್ಟಣ್ಣ" ಎಂದಿತು.

ಕರಡಿ ನೆರಳಿನಲ್ಲಿ ಮಲಗಿದ್ದವರನ್ನೆಲ್ಲ ಒಮ್ಮೆ ನೋಡಿತು.

"ಮೆಲ್ಲಗೆ ಮಾತಾಡು ತಾಯಿ" ಎಂದಿತು. "ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ."